ಪಟ್ಟಿ ಎತ್ತುವ ಮೊದಲು ಬ್ಯಾಟರಿಯ ಲೆಕ್ಕ ಕೇಳಿ

ಪ್ರಶ್ನೆ: ನಾನು ಬಾಗಲಕೋಟೆಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ನಮ್ಮೂರು ಇಳಕಲ್ ಹತ್ತಿರ, ಅಪ್ಪ ನೇಕಾರರು. ಬರುವ ಜುಲೈನಲ್ಲಿ ಲಡಾಖ್‌ನ ಕರೆಂಟಿಲ್ಲದ ಹಳ್ಳಿಯೊಂದಕ್ಕೆ ಸೋಲಾರ್ ದೀಪ ಹಾಕುವ ತಂಡಕ್ಕೆ ಸ್ವಯಂಸೇವಕಿಯಾಗಿ ಆಯ್ಕೆಯಾಗಿದ್ದೇನೆ. ಒಟ್ಟು 12 ದಿನ. ಸಂಸ್ಥೆಗೆ 60,000 ರೂಪಾಯಿ ಕಟ್ಟಬೇಕು. ಪ್ರಯಾಣ, ಬೆಚ್ಚನೆ ಬಟ್ಟೆ ಎಲ್ಲ ಸೇರಿ 90,000 ಆಗುತ್ತದೆ. ಪರಿಚಯದವರ ಹತ್ತಿರ ದೇಣಿಗೆ ಕೇಳೋಣ ಅಂದುಕೊಂಡಿದ್ದೇನೆ. ಅಪ್ಪ ಮಾತ್ರ ‘ಮಂದಿ ರೊಕ್ಕದಾಗ ತಿರುಗಾಡಾಕ ಹೋಗೋದನ?’ ಅಂತ ಕೇಳುತ್ತಾರೆ. ಹಣ ಹೇಗೆ ಕೂಡಿಸಲಿ? ಅಪ್ಪ ಹೇಳುವುದು ಸರಿಯೇ?

ಉತ್ತರ: ಮೊದಲು ನಿಮ್ಮ ಅಪ್ಪನ ಮಾತಿಗೆ ಬರುತ್ತೇನೆ. ಅವರು ಕೇಳಿದ್ದು ಸರಿಯಾದ ಪ್ರಶ್ನೆ. ನೀವು ಹಣ ಕೇಳಲು ಹೋದಾಗ ಹತ್ತರಲ್ಲಿ ಎಂಟು ಮಂದಿ ಮನಸ್ಸಿನಲ್ಲಿ ಇದನ್ನೇ ಕೇಳಿಕೊಳ್ಳುತ್ತಾರೆ. ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ, ಐದುನೂರು ಕೊಟ್ಟು ಕಳಿಸುತ್ತಾರೆ. ಅದಕ್ಕೇ ಅಪ್ಪನಿಗೆ ಒಪ್ಪಿಗೆಯಾಗುವ ಉತ್ತರ ಸಿಗುವವರೆಗೆ ಯಾರ ಹತ್ತಿರವೂ ಕೈ ಚಾಚಬೇಡಿ.

ಆ ಉತ್ತರ ಸಿಗಬೇಕಾದರೆ ಈ 90,000ವನ್ನು ಒಡೆದು ನೋಡಬೇಕು. ಇದರಲ್ಲಿ ಎರಡು ಬೇರೆ ಬೇರೆ ಹಣ ಇದೆ. ನೀವು ಹೋಗಿ ಬರುವುದಕ್ಕೆ, ಉಣ್ಣುವುದಕ್ಕೆ, ಮಲಗುವುದಕ್ಕೆ ಬೇಕಾದದ್ದು ಒಂದು. ಆ ಹಳ್ಳಿಯ ಮನೆಯಲ್ಲಿ ದೀಪ ಉರಿಯುವುದಕ್ಕೆ ಬೇಕಾದದ್ದು ಇನ್ನೊಂದು. ಸಂಸ್ಥೆಗೆ ಇವತ್ತೇ ಪತ್ರ ಬರೆದು ಕೇಳಿ: ನಾನು ಕಟ್ಟುವ 60,000ದಲ್ಲಿ ಪ್ಯಾನಲ್, ಬ್ಯಾಟರಿ, ವೈರಿಗೆ ಎಷ್ಟು? ನನ್ನ ಊಟ, ವಸತಿ, ಗಾಡಿಗೆ ಎಷ್ಟು? ಒಳ್ಳೆಯ ಸಂಸ್ಥೆಗೆ ಈ ಪ್ರಶ್ನೆಯಿಂದ ಸಿಟ್ಟು ಬರುವುದಿಲ್ಲ. ಲೆಕ್ಕ ಕೊಡಲು ಹಿಂದೆ ಮುಂದೆ ನೋಡಿದರೆ ಅಲ್ಲಿಗೆ ಹೋಗುವುದನ್ನೇ ಬಿಡಿ.

ಉದಾಹರಣೆಗೆ, ಸಾಮಾನಿಗೆ 35,000, ನಿಮ್ಮ ಖರ್ಚಿಗೆ 25,000 ಅಂತ ಅವರು ಹೇಳಿದರು ಅನ್ನಿ. ಹಾಗಾದರೆ ದೀಪದ ಹಣ 35,000. ಉಳಿದ 55,000 ನಿಮ್ಮ ಹಣ. ನನ್ನ ಅಭಿಪ್ರಾಯ ಸ್ಪಷ್ಟ: ಜನರ ಹತ್ತಿರ ದೀಪದ ಹಣ ಮಾತ್ರ ಕೇಳಿ. ನಿಮ್ಮ ಪ್ರಯಾಣದ ಹಣವನ್ನು ದುಡಿದುಕೊಳ್ಳಿ, ಇಲ್ಲವೇ ಸ್ವಂತ ಮನೆಯವರ ಹತ್ತಿರ ತೆಗೆದುಕೊಳ್ಳಿ. ಆಗ ‘ಮಂದಿ ರೊಕ್ಕದಾಗ’ ಎಂಬ ಮಾತೇ ಬರುವುದಿಲ್ಲ.

ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ನಾನು ಬೆಳಗಾವಿಯಲ್ಲಿ ಸೋಲಾರ್ ಕೆಲಸಕ್ಕೆ ಇಳಿದ ಹೊಸತು. ನಾಲ್ಕು ಗೆಳೆಯರು ಸೇರಿ ಪಟ್ಟಿ ಹಾಕಿ ದುಡ್ಡು ಕೂಡಿಸಿ, ಖಾನಾಪುರ ತಾಲೂಕಿನಲ್ಲಿ ಜಾಂಬೋಟಿ ದಾಟಿ ಕಾಡಿನೊಳಗಿದ್ದ ಒಂದು ಸಣ್ಣ ವಸ್ತಿಗೆ ದೀಪ ಹಾಕಿದೆವು. 18 ಮನೆ. ಪ್ರತಿ ಮನೆಗೆ ಒಂದು ಪ್ಯಾನಲ್, ಒಂದು ಬ್ಯಾಟರಿ, ಮೂರು ದೀಪ. ಹಾರ, ತೆಂಗಿನಕಾಯಿ, ಫೋಟೋ ಎಲ್ಲ ಆಯಿತು. ದಾನಿಗಳ ಹೆಸರು ಬರೆದ ಸ್ಟೀಲ್ ಫಲಕವನ್ನೂ ಗೋಡೆಗೆ ಜಡಿದೆವು. ಆ ರಾತ್ರಿ ಚಿಮಣಿ ಆರಿಸಿ ದೀಪದ ಸ್ವಿಚ್ ಒತ್ತಿದಾಗ ಮಕ್ಕಳು ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ಮೂರನೇ ಮಳೆಗಾಲ ಮುಗಿದ ಮೇಲೆ ಮತ್ತೆ ಹೋದೆ. 18ರಲ್ಲಿ 11 ಮನೆಯಲ್ಲಿ ದೀಪ ಇರಲಿಲ್ಲ. ಒಬ್ಬ ಅಜ್ಜಿ ಬ್ಯಾಟರಿಗೆ ಹಳೇ ಸೀರೆಯ ತುಂಡು ಹೊದಿಸಿ ಇಟ್ಟಿದ್ದರು. ಥಂಡಿಗೆ ಕೆಟ್ಟಿದೆ, ಬೆಚ್ಚಗಾದರೆ ಸರಿಹೋಗಬಹುದು ಅಂತ ಅವರ ಎಣಿಕೆ. ಸೀರೆ ಸರಿಸಿ ನೋಡಿದರೆ ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಬೆಳೆದು ನಿಂತಿತ್ತು. ಮುಚ್ಚಳ ತೆಗೆದರೆ ಒಳಗಿನ ಪ್ಲೇಟು ಒಣಗಿದ್ದವು. ಪಕ್ಕದ ಮನೆಯಲ್ಲಿ ಬ್ಯಾಟರಿಗೆ ಹಳ್ಳದ ನೀರು ಹಾಕಿದ್ದರು. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಬೇಕು ಅಂತ ನಾವು ಹೇಳಿದ್ದು ಹೌದು. ಆದರೆ ಅದು ಎಲ್ಲಿ ಸಿಗುತ್ತದೆ, ಯಾರು ತಂದುಕೊಡುತ್ತಾರೆ ಅಂತ ಹೇಳಿರಲಿಲ್ಲ. ನಾಲ್ಕು ಮನೆಯಲ್ಲಿ ಬರೀ ಫ್ಯೂಸ್ ಹೋಗಿತ್ತು. ಹತ್ತು ರೂಪಾಯಿಯ ಗಾಜಿನ ಫ್ಯೂಸ್. ಅದಿಲ್ಲದೆ ಒಂದೂವರೆ ವರ್ಷ ಕತ್ತಲು. ಗೋಡೆ ಮೇಲಿನ ಫಲಕ ಮಾತ್ರ ಥಳಥಳ ಹೊಳೆಯುತ್ತಿತ್ತು.

ತಪ್ಪು ನಮ್ಮದು. ಕೂಡಿಸಿದ ಅಷ್ಟೂ ಹಣವನ್ನು ಮೊದಲ ದಿನದ ದೀಪಕ್ಕೆ ಖರ್ಚು ಮಾಡಿದ್ದೆವು. ನಾಲ್ಕನೇ ವರ್ಷದ ದೀಪಕ್ಕೆ ಒಂದು ರೂಪಾಯಿ ಇಟ್ಟಿರಲಿಲ್ಲ.

ಸೋಲಾರ್ ಪ್ಯಾನಲ್ 25 ವರ್ಷ ಬರುತ್ತದೆ. ಆ್ಯಸಿಡ್ ಬ್ಯಾಟರಿ ಮೂರರಿಂದ ಐದು ವರ್ಷ. ಲಿಥಿಯಂ ಆದರೆ ಜಾಸ್ತಿ ಬರುತ್ತದೆ, ಬೆಲೆಯೂ ಜಾಸ್ತಿ. ಅಂದರೆ ಒಂದು ಪ್ಯಾನಲ್ಲಿನ ಆಯುಷ್ಯದಲ್ಲಿ ಐದಾರು ಸಲ ಬ್ಯಾಟರಿ ಬದಲಿಸಬೇಕು. ಮನೆದೀಪದ ಬ್ಯಾಟರಿಗೆ ಐದು ಸಾವಿರ ಅಂತ ಇಟ್ಟುಕೊಳ್ಳಿ. ಮನೆಯವರು ತಿಂಗಳಿಗೆ ನೂರು ರೂಪಾಯಿ ಡಬ್ಬಿಗೆ ಹಾಕಿದರೆ ನಾಲ್ಕು ವರ್ಷಕ್ಕೆ 4,800. ಹೆಚ್ಚುಕಡಿಮೆ ಸರಿಹೋಗುತ್ತದೆ. ಚಿಮಣಿ ಎಣ್ಣೆಗೆ, ಮೇಣದಬತ್ತಿಗೆ, ಪೇಟೆಗೆ ಹೋಗಿ ಮೊಬೈಲ್ ಚಾರ್ಜ್ ಮಾಡಿಸಲು ಖರ್ಚಾಗುತ್ತಿದ್ದ ಹಣ ಉಳಿಯುತ್ತದಲ್ಲ, ಅದರಲ್ಲೇ ಇದನ್ನು ಕೊಡಬಹುದು. ಆ ವಸ್ತಿಯಲ್ಲಿ ನಾವು ಎರಡನೇ ಸಲ ಮಾಡಿದ್ದು ಇದನ್ನೇ. ಇಬ್ಬರು ಹೆಣ್ಣುಮಕ್ಕಳಿಗೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿಯಲು ಕಲಿಸಿದೆವು. ಬಿಸಿಲು ಇಳಿದ ಮೇಲೆ, ದೀಪ ಹಚ್ಚುವ ಮೊದಲು 12.6 ವೋಲ್ಟ್ ಆಸುಪಾಸು ತೋರಿಸಿದರೆ ಬ್ಯಾಟರಿ ತುಂಬಿದೆ, 12ಕ್ಕಿಂತ ಕೆಳಗಿದ್ದರೆ ಆ ರಾತ್ರಿ ಒಂದೇ ದೀಪ ಹಚ್ಚಿ. ಇಷ್ಟೇ ಪಾಠ. ಒಂದು ಡಬ್ಬಿ ಫ್ಯೂಸ್, ಎರಡು ಕ್ಯಾನ್ ಡಿಸ್ಟಿಲ್ಡ್ ವಾಟರ್ ಕೊಟ್ಟು ಬಂದೆವು. ಆಮೇಲೆ ದೀಪ ನಿಂತಿದ್ದು ಕಡಿಮೆ.

ಇದು ನಾವು ಕಂಡುಹಿಡಿದ ದಾರಿಯೇನಲ್ಲ. ರಾಜಸ್ಥಾನದ ತಿಲೋನಿಯಾದಲ್ಲಿ ಬಂಕರ್ ರಾಯ್ 1972ರಲ್ಲಿ ಶುರುಮಾಡಿದ ಬೇರ್‌ಫೂಟ್ ಕಾಲೇಜು ಹಳ್ಳಿಯ ಹೆಂಗಸರಿಗೆ ಆರು ತಿಂಗಳು ತರಬೇತಿ ಕೊಟ್ಟು ಸೋಲಾರ್ ಎಂಜಿನಿಯರ್ ಮಾಡಿ ಕಳಿಸುತ್ತದೆ. ಓದು ಬರಹ ಬರದವರೂ ಅಲ್ಲಿ ಕಲಿತಿದ್ದಾರೆ. ಅವರ ಹಳ್ಳಿಯ ಸಮಿತಿ ಮನೆಮನೆಯಿಂದ ತಿಂಗಳ ಹಣ ಕೂಡಿಸಿ ರಿಪೇರಿಗೆ ಇಡುತ್ತದೆ. ನಮ್ಮ ರಾಜ್ಯದಲ್ಲೇ ಹರೀಶ್ ಹಂದೆಯವರ ಸೆಲ್ಕೋ 1995ರಿಂದ ಇನ್ನೊಂದು ದಾರಿ ತೋರಿಸಿದೆ. ಬಡವರೂ ಬ್ಯಾಂಕ್ ಸಾಲದ ಕಂತಿನಲ್ಲಿ ದೀಪ ಕೊಳ್ಳಬಹುದು, ಕೆಟ್ಟರೆ ರಿಪೇರಿಗೆ ಹತ್ತಿರದಲ್ಲೇ ಜನ ಇರಬೇಕು ಎಂಬುದು ಆ ದಾರಿ. ಈ ಕೆಲಸಕ್ಕೆ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನೀವು ಹೊರಟಿರುವ ಲಡಾಖ್‌ನಲ್ಲೇ ಪಾರಸ್ ಲೂಂಬಾ ಅವರ ಗ್ಲೋಬಲ್ ಹಿಮಾಲಯನ್ ಎಕ್ಸ್‌ಪೆಡಿಷನ್ ತಂಡ 2014ರಲ್ಲಿ ಸುಮ್ದಾ ಚೆನ್ಮೊ ಎಂಬ ಹಳ್ಳಿಗೆ ದೀಪ ಹಾಕಿತು. ಆಗ ನಡೆದುಕೊಂಡೇ ಹೋಗಬೇಕಾಗಿದ್ದ ಹಳ್ಳಿ ಅದು. ಬಂದವರು ಕಟ್ಟಿದ ಶುಲ್ಕದಿಂದಲೇ ಸಾಮಾನು ಕೊಳ್ಳುವುದು, ಹಳ್ಳಿಯವರು ತಿಂಗಳು ತಿಂಗಳು ಹಣ ಕೂಡಿಸಿ ಬ್ಯಾಂಕಿನಲ್ಲಿ ಇಡುವುದು ಅವರ ಪದ್ಧತಿ.

ಹಾಗಾಗಿ ನಿಮ್ಮ ಸಂಸ್ಥೆಗೆ ಇನ್ನೂ ಕೆಲವು ಪ್ರಶ್ನೆ ಕೇಳಿ. ದೀಪ ಬೇಕು ಅಂತ ಹಳ್ಳಿಯವರು ಕೇಳಿದ್ದಾರಾ, ಇವರೇ ಆರಿಸಿದ್ದಾರಾ? ನೀವು ವಾಪಸ್ ಬಂದ ಮೇಲೆ ಫ್ಯೂಸ್ ಹಾಕುವವರು ಯಾರು? ಬ್ಯಾಟರಿ ಹಣ ಯಾರ ಖಾತೆಯಲ್ಲಿ ಇರುತ್ತದೆ? ಯಾವ ಬ್ಯಾಟರಿ? ಈ ಕೊನೆಯದು ಲಡಾಖ್‌ನಲ್ಲಿ ದೊಡ್ಡ ಪ್ರಶ್ನೆ. ಅಲ್ಲಿ ಬಿಸಿಲು ಚುರುಕು, ಥಂಡಿಗೆ ಪ್ಯಾನಲ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಬ್ಯಾಟರಿ ಹಾಗಲ್ಲ. ಚಳಿಗೆ ಆ್ಯಸಿಡ್ ಬ್ಯಾಟರಿಯ ಕಸುವು ಇಳಿಯುತ್ತದೆ. ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೇ ಹಾಳಾಗುತ್ತದೆ. ಇದಕ್ಕೆ ಏನು ವ್ಯವಸ್ಥೆ ಮಾಡಿದ್ದಾರೆ ಅಂತ ಎಲೆಕ್ಟ್ರಿಕಲ್ ಓದುವ ನೀವು ಕೇಳಲೇಬೇಕು. 12 ದಿನದಲ್ಲಿ ಕೆಲಸ ಎಷ್ಟು ದಿನ ಅಂತಲೂ ಕೇಳಿ. ಲೇಹ್ ಇರುವುದೇ 3,500 ಮೀಟರ್ ಎತ್ತರದಲ್ಲಿ. ವಿಮಾನದಲ್ಲಿ ಇಳಿದವರು ಕಡಿಮೆ ಅಂದರೂ ಎರಡು ದಿನ ಸುಮ್ನೆ ಮಲಗಬೇಕು, ಇಲ್ಲದಿದ್ದರೆ ತಲೆನೋವು, ವಾಂತಿ ಶುರುವಾಗಿ ಜೀವಕ್ಕೇ ಕುತ್ತು ಬರಬಹುದು. ಓಡಾಟ ಕಳೆದರೆ ಕೈಗೆ ಸಿಗುವ ಕೆಲಸದ ದಿನ ನಾಲ್ಕೈದು ಇರಬಹುದು. ದಾನಿಗಳಿಗೂ ಅಷ್ಟೇ ಹೇಳಿ.

ಈಗ ಹಣದ ವಿಷಯ.

ದೀಪದ ಹಣಕ್ಕೆ ನಮ್ಮ ಜಾತ್ರೆ ಪಟ್ಟಿಗಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ. ನೋಡಿದ್ದೀರಲ್ಲ, ನಮ್ಮ ಕಡೆ ಊರ ಹಿರಿಯರು ಇಬ್ಬರು ಮೂವರು ಸೇರಿ ಮನೆಮನೆಗೆ ಹೋಗುತ್ತಾರೆ. ಒಬ್ಬರ ಕೈಯಲ್ಲಿ ಪಾವತಿ ಪುಸ್ತಕ. ಕೊಟ್ಟಿದ್ದು ಹತ್ತಿರಲಿ, ಹತ್ತು ಸಾವಿರ ಇರಲಿ, ಪಾವತಿ ಹರಿದು ಕೊಡುತ್ತಾರೆ. ಜಾತ್ರೆ ದಿನ ಮೈಕಿನಲ್ಲಿ ‘ಇಂಥವರು ಇಷ್ಟು’ ಅಂತ ಓದುತ್ತಾರೆ. ಮುಗಿದ ಮೇಲೆ ಗುಡಿಯ ಕಟ್ಟೆ ಮೇಲೆ ಕೂತು ಲೆಕ್ಕ ಒಪ್ಪಿಸುತ್ತಾರೆ. ನೀವೂ ಒಬ್ಬರೇ ಹೋಗಬೇಡಿ. ನಿಮ್ಮ ಕಾಲೇಜಿನ ಒಬ್ಬ ಮೇಷ್ಟ್ರನ್ನೋ, ಊರಿನ ಒಬ್ಬ ಹಿರಿಯರನ್ನೋ ಜೊತೆಗೆ ಕರೆದುಕೊಳ್ಳಿ. ಒಟ್ಟು ಹಣ ಕೇಳುವ ಬದಲು ಒಂದೊಂದು ಸಾಮಾನಿನ ಹೆಸರು ಹೇಳಿ ಕೇಳಿ. ‘ಒಂದು ಎಲ್ಇಡಿ ದೀಪ’, ‘ಹತ್ತು ಮೀಟರ್ ವೈರ್’, ‘ಒಂದು ವರ್ಷದ ಡಿಸ್ಟಿಲ್ಡ್ ವಾಟರ್’. ಸಂಸ್ಥೆಯಿಂದ ಬೆಲೆಪಟ್ಟಿ ತರಿಸಿಕೊಂಡರೆ ಇದು ಸುಲಭ. ವೈರ್ ಕೊಡಿಸಿದವರು ಆ ವೈರನ್ನು ಮರೆಯುವುದಿಲ್ಲ, ಬಂದ ಮೇಲೆ ‘ನನ್ನ ವೈರ್ ಎಲ್ಲಿ ಹಾಕಿದಿರಿ?’ ಅಂತ ಕೇಳುತ್ತಾರೆ. ಕೇಳಲಿ, ಅದೇ ಬೇಕು.

ಕೇಳುವ ಹೊತ್ತೂ ಮುಖ್ಯ. ಮುಧೋಳ, ಜಮಖಂಡಿ ಕಡೆಯ ರೈತರ ಕೈಯಲ್ಲಿ ಹಣ ಓಡಾಡುವುದು ಕಾರ್ಖಾನೆಯ ಕಬ್ಬಿನ ಬಿಲ್ ಬಂದಾಗ. ತಿಕೋಟಾ ಕಡೆ ದ್ರಾಕ್ಷಿ ಬೆಳೆಯುವವರಿಗೆ ಮಣೂಕ (ಒಣದ್ರಾಕ್ಷಿ) ಮಾರಿದ ಮೇಲೆ. ಬಿತ್ತನೆ ಹೊತ್ತಿನಲ್ಲಿ, ಜೂನ್‌ನಲ್ಲಿ, ರೈತರ ಮನೆ ಬಾಗಿಲಿಗೆ ಹೋಗಲೇಬೇಡಿ. ರೋಟರಿ ಕ್ಲಬ್‌ಗಳಲ್ಲಿ ಹೊಸ ಅಧ್ಯಕ್ಷರ ವರ್ಷ ಶುರುವಾಗುವುದು ಜುಲೈ 1ಕ್ಕೆ, ಅಷ್ಟರಲ್ಲಿ ನೀವು ಹೊರಟಿರುತ್ತೀರಿ. ಅದಕ್ಕೆ ಫೆಬ್ರುವರಿಯಲ್ಲೇ ಈಗಿನ ಅಧ್ಯಕ್ಷರನ್ನು ಕಂಡು ಸಭೆಯಲ್ಲಿ ಹತ್ತು ನಿಮಿಷ ಮಾತಾಡಲು ಅವಕಾಶ ಕೇಳಿ. ಒಂದು ಸಣ್ಣ ಪ್ಯಾನಲ್, ಒಂದು ದೀಪ ಹಿಡಿದುಕೊಂಡು ಹೋಗಿ ಹಚ್ಚಿ ತೋರಿಸಿ. ಸಕ್ಕರೆ ಕಾರ್ಖಾನೆಯ ಸಿಎಸ್ಆರ್ ಹಣ (ಕಂಪನಿಗಳು ಸಮಾಜದ ಕೆಲಸಕ್ಕೆ ಎತ್ತಿಡುವ ಹಣ) ಸಿಗಬಹುದಾ ಅಂತ ಬಹಳ ವಿದ್ಯಾರ್ಥಿಗಳು ಕೇಳುತ್ತಾರೆ. ಅದು ನಿಮ್ಮಂಥ ಒಬ್ಬ ವ್ಯಕ್ತಿಯ ಕೈಗೆ ಬರುವ ಹಣವಲ್ಲ. ಅದಕ್ಕೆಂದೇ ನೋಂದಣಿ ಮಾಡಿಸಿಕೊಂಡ ಸಂಸ್ಥೆಯ ಮೂಲಕವೇ ಹೋಗಬೇಕು. ಅದರ ಹಿಂದೆ ಸುತ್ತಿ ಕಾಲ ಕಳೆಯಬೇಡಿ.

ದಾನಿಗಳ ಹಣ ನಿಮ್ಮ ಖಾತೆಗೆ ಬರುವುದು ಬೇಡ. ಸೀದಾ ಸಂಸ್ಥೆಯ ಖಾತೆಗೆ ಹೋಗಲಿ, ರಸೀದಿ ಅಲ್ಲಿಂದಲೇ ಬರಲಿ. ಇದರಿಂದ ಮೂರು ಅನುಕೂಲ ಇವೆ. ನಿಮ್ಮ ಮೇಲೆ ಯಾರೂ ಬೆರಳು ತೋರಿಸುವುದಿಲ್ಲ. ಸಂಸ್ಥೆಗೆ ದಾನಿಗಳಿಗೆ ತೆರಿಗೆ ವಿನಾಯಿತಿ ಕೊಡಿಸುವ ನೋಂದಣಿ (80ಜಿ ಅನ್ನುತ್ತಾರೆ) ಇದ್ದರೆ, ಹಳೇ ಪದ್ಧತಿಯಲ್ಲಿ ತೆರಿಗೆ ಕಟ್ಟುವ ದಾನಿಗೆ ವಿನಾಯಿತಿ ಸಿಗುತ್ತದೆ. ನಗದಾಗಿ ಕೊಟ್ಟರೆ 2,000 ರೂಪಾಯಿವರೆಗೆ ಮಾತ್ರ ಸಿಗುತ್ತದೆ, ಹಾಗಾಗಿ ಡಾಕ್ಟರು, ಲೆಕ್ಚರರು ಆನ್‌ಲೈನ್‌ನಲ್ಲೇ ಕಳಿಸಲಿ. ಇಲ್ಲಿ ಒಂದು ಎಚ್ಚರ: ನೀವು ಭಾಗವಹಿಸಲು ಕಟ್ಟುವ ಶುಲ್ಕ ದಾನವಲ್ಲ, ಅದಕ್ಕೆ 80ಜಿ ಬರುವುದಿಲ್ಲ. ಸಾಮಾನಿನ ದೇಣಿಗೆಯನ್ನು ಬೇರೆಯಾಗಿ ತೋರಿಸಿ ಅಂತ ಸಂಸ್ಥೆಗೆ ಹೇಳಿ. ಮೂರನೆಯದು ಆದಾಯ ತೆರಿಗೆ. ನೆಂಟರಲ್ಲದವರಿಂದ ಒಂದು ವರ್ಷದಲ್ಲಿ ನಿಮ್ಮ ಖಾತೆಗೆ 50,000ಕ್ಕಿಂತ ಜಾಸ್ತಿ ಬಂದರೆ, ಮಿಕ್ಕಿದ್ದಷ್ಟೇ ಅಲ್ಲ, ಅಷ್ಟೂ ಹಣ ನಿಮ್ಮ ಆದಾಯ ಎಂದು ಲೆಕ್ಕವಾಗುತ್ತದೆ. ಬೇರೆ ಆದಾಯ ಇಲ್ಲದ ವಿದ್ಯಾರ್ಥಿಗೆ ತೆರಿಗೆ ಬೀಳದೇ ಇರಬಹುದು, ಆದರೂ ಆ ಗೋಜು ಯಾಕೆ? ಅಜ್ಜ, ಅಕ್ಕ, ಕಾಕಾ, ಸೋದರಮಾವ ಕೊಟ್ಟಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಕಾಕಾನ ಮಗ ಕೊಟ್ಟರೆ ಬರುತ್ತದೆ! ಅಮೆರಿಕದಲ್ಲಿರುವ ನೆಂಟರು ಕೊಡುತ್ತೇವೆ ಅಂದರೆ, ಅವರು ಅಲ್ಲಿಯ ಪೌರತ್ವ ತೆಗೆದುಕೊಂಡಿದ್ದಾರಾ ಅಂತ ಕೇಳಿ. ತೆಗೆದುಕೊಂಡಿದ್ದರೆ ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಇಲ್ಲದ ಸಂಸ್ಥೆ ಆ ಹಣ ಮುಟ್ಟುವಂತಿಲ್ಲ. ಮಿಲಾಪ್, ಕೆಟ್ಟೊ ಮೂಲಕ ಆನ್‌ಲೈನ್‌ನಲ್ಲಿ ಕೂಡಿಸುವುದಾದರೆ ಅವರು ಎಷ್ಟು ಕಳೆದುಕೊಳ್ಳುತ್ತಾರೆ ಅಂತ ಮೊದಲೇ ಓದಿ. 35,000ಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ ಅಂತ ನನಗೆ ಅನಿಸುತ್ತದೆ.

ಇನ್ನು ನೀವು ದುಡಿಯಬೇಕಾದ 55,000. ಇದಕ್ಕೆ ನಿಮ್ಮ ಓದಿಗೇ ಹೊಂದುವ ಒಂದು ಕೆಲಸ ಹೇಳುತ್ತೇನೆ. 2024ರ ಫೆಬ್ರುವರಿಯಲ್ಲಿ ಮನೆ ಮಾಳಿಗೆಗೆ ಸೋಲಾರ್ ಹಾಕಿಸಲು ಪಿಎಂ ಸೂರ್ಯಘರ್ ಯೋಜನೆ ಬಂತು, 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ. ನಮ್ಮ ಊರುಗಳಲ್ಲಿ ಮಾಳಿಗೆ ಮೇಲೆ ಪ್ಯಾನಲ್ ಕಾಣುವುದು ಜಾಸ್ತಿಯಾಗಿದೆ. ಬಾಗಲಕೋಟೆ, ವಿಜಯಪುರದ ಧೂಳು ನಿಮಗೆ ಗೊತ್ತೇ ಇದೆ. ಫೆಬ್ರುವರಿಯಿಂದ ಮೇವರೆಗೆ ಪ್ಯಾನಲ್ ಮೇಲೆ ಬೆರಳಿಟ್ಟರೆ ಹೆಸರು ಬರೆಯಬಹುದು, ಅಷ್ಟು ಕೂತಿರುತ್ತದೆ. ಹಾಕಿಸಿದವರಿಗೆ ತೊಳೆಯಲು ಹೊತ್ತಿಲ್ಲ. ಒಬ್ಬ ಗೆಳತಿಯನ್ನು ಸಹಾಯಕ್ಕೆ ಕರೆದುಕೊಂಡು ತಿಂಗಳಿಗೊಮ್ಮೆ ಪ್ಯಾನಲ್ ತೊಳೆದುಕೊಡಿ. ಮನೆಗೆ 300 ರೂಪಾಯಿಯಂತೆ 25 ಮನೆ ಹಿಡಿದರೆ ತಿಂಗಳಿಗೆ 7,500, ನಾಲ್ಕು ತಿಂಗಳಿಗೆ 30,000.

ತೊಳೆಯುವುದಕ್ಕೂ ಕ್ರಮ ಇದೆ. ಬೆಳಿಗ್ಗೆ ಎಂಟರೊಳಗೆ ಮುಗಿಸಿ. ಕಾದ ಗಾಜಿಗೆ ತಣ್ಣೀರು ಬಿದ್ದರೆ ಸೀಳಬಹುದು. ಸೋಪಿನ ಪುಡಿ, ಸ್ಕ್ರಬ್ಬರ್ ಬೇಡ, ಮೆತ್ತನೆ ಬಟ್ಟೆ ಸಾಕು. ನಮ್ಮ ಬೋರ್‌ವೆಲ್ ನೀರು ಗಡಸು. ಹಾಗೇ ಒಣಗಲು ಬಿಟ್ಟರೆ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ. ತೊಳೆದ ಕೂಡಲೇ ವೈಪರ್‌ನಿಂದ ಎಳೆದುಬಿಡಿ. ಕೆಳಗಿನ ವೈರ್, ಕನೆಕ್ಟರ್ ಮಾತ್ರ ಮುಟ್ಟಬೇಡಿ. ಇನ್ವರ್ಟರ್ ಆಫ್ ಮಾಡಿದರೂ ಬಿಸಿಲಿರುವ ತನಕ ಪ್ಯಾನಲ್ ಕರೆಂಟ್ ಹುಟ್ಟಿಸುತ್ತಲೇ ಇರುತ್ತದೆ. ದೊಡ್ಡ ಪ್ಯಾನಲ್ ಆರು ಸಾಲಾಗಿ ಜೋಡಿಸಿದ್ದರೆ 300 ವೋಲ್ಟ್ ಹತ್ತಿರ ಡಿಸಿ ಇರುತ್ತದೆ, ಹಿಡಿದರೆ ಬಿಡುವುದಿಲ್ಲ. ಅಂಚಿಗೆ ಗೋಡೆ ಇಲ್ಲದ ಮಾಳಿಗೆ ಹತ್ತಬೇಡಿ, ಎಷ್ಟು ಕೊಟ್ಟರೂ ಸರಿ.

ಉಳಿದದ್ದಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಪೊಟ್ಟಣ ಮಾರುವುದು ಒಂದು ದಾರಿ. ನಿಮ್ಮ ಊರಿನ ಸ್ವಸಹಾಯ ಸಂಘದವರಿಂದಲೇ ಕೊಳ್ಳಿ, ಅವರಿಗೂ ನಾಲ್ಕು ಕಾಸು ಸಿಗಲಿ. ಹಾಸ್ಟೆಲ್‌ಗಳಲ್ಲಿ ಇದಕ್ಕೆ ಗಿರಾಕಿ ಯಾವಾಗಲೂ ಇದ್ದಾರೆ. ಪ್ರಯಾಣದಲ್ಲೂ ಉಳಿಸಬಹುದು. ಬಾಗಲಕೋಟೆಯಿಂದ ಸೊಲ್ಲಾಪುರಕ್ಕೆ ರೈಲಿದೆ, ಅಲ್ಲಿಂದ ದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್ ಸಿಗುತ್ತದೆ. ಸ್ಲೀಪರ್ ಟಿಕೆಟನ್ನು ಮೊದಲೇ ಮಾಡಿಸಿ. ಬೆಚ್ಚನೆ ಬಟ್ಟೆ ಹೊಸದು ಬೇಡ, ಹೋಗಿಬಂದವರ ಹತ್ತಿರ ಕೇಳಿ ತನ್ನಿ.

ಆದರೂ ಹಣ ಸಾಲದೇ ಹೋದರೆ? ಈ ವರ್ಷ ಬಿಡಿ, ಬರುವ ವರ್ಷ ಹೋಗಿ. ಸಾಲ ಮಾಡಿ ಹೋಗಬೇಡಿ. ಅಪ್ಪನ ಮಗ್ಗದ ಮೇಲೆ ಆ ಭಾರ ಬೀಳಬಾರದು. ಲಡಾಖ್‌ಗೆ ಹೋಗದಿದ್ದರೆ ಈ ಕೆಲಸವೇ ಇಲ್ಲ ಅಂತಲೂ ಅಂದುಕೊಳ್ಳಬೇಡಿ. ಖಾನಾಪುರದ ಭೀಮಗಡ ಅಭಯಾರಣ್ಯದ ಒಳಗೆ, ಸುತ್ತಮುತ್ತ, ಸಣ್ಣ ಸಣ್ಣ ಹಳ್ಳಿಗಳಿವೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ದಾರಿ ಬಂದ್. ಗಾಳಿಗೆ ಮರ ಬಿದ್ದು ಲೈನ್ ಹೋದರೆ ದಿನಗಟ್ಟಲೆ ಕತ್ತಲು. ಅಲ್ಲಿ ಸೋಲಾರ್ ಹಾಕುವುದು ಲಡಾಖ್‌ಗಿಂತ ಕಷ್ಟ, ಯಾಕೆಂದರೆ ದೀಪ ಅತಿ ಹೆಚ್ಚು ಬೇಕಾಗುವ ಜುಲೈ, ಆಗಸ್ಟ್‌ನಲ್ಲೇ ಬಿಸಿಲು ಇರುವುದಿಲ್ಲ. ಐದು ವ್ಯಾಟಿನ ನಾಲ್ಕು ದೀಪ ಐದು ತಾಸು ಉರಿದರೆ ದಿನಕ್ಕೆ 100 ವ್ಯಾಟ್-ಅವರ್ ಬೇಕು. ಬೇಸಿಗೆಯಲ್ಲಿ 40 ವ್ಯಾಟಿನ ಪ್ಯಾನಲ್ ಅದನ್ನು ಆರಾಮಾಗಿ ಕೊಡುತ್ತದೆ. ಮಳೆಯಲ್ಲಿ ಅದರ ಅರ್ಧವೂ ಬರದ ದಿನಗಳಿರುತ್ತವೆ. ಅಲ್ಲಿಗೆ ದೊಡ್ಡ ಪ್ಯಾನಲ್, ಎರಡು ಮೂರು ದಿನ ತಡೆಯುವ ಬ್ಯಾಟರಿ ಬೇಕು. ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ಲೈನ್ ಎಳೆಯುವ ಯೋಚನೆ ಇದೆಯಾ ಅಂತ ಕರೆಂಟ್ ಕಂಪನಿ ಹೆಸ್ಕಾಂನಲ್ಲೂ ಕೇಳಬೇಕು. ಅಲ್ಲಿಯ ಬಹಳ ಜನ ಮಾತಾಡುವುದು ಮರಾಠಿ, ಕೊಂಕಣಿ. ನಾಲ್ಕು ಮಾತು ಕಲಿತು ಹೋದರೆ ಬಾಗಿಲು ಬೇಗ ತೆರೆಯುತ್ತದೆ.

ಲಡಾಖ್‌ಗೆ ಹೊರಡುವ ಮೊದಲು ಇಲ್ಲಿ ಒಮ್ಮೆ ಕೈ ಕೊಳೆ ಮಾಡಿಕೊಳ್ಳಿ ಅಂತ ನನ್ನ ಆಸೆ. ವೈರಿನ ತುದಿಗೆ ಲಗ್ ಕೂರಿಸಿ ಒತ್ತುವುದು (ಕ್ರಿಂಪ್), ಟರ್ಮಿನಲ್‌ಗೆ ಗ್ರೀಸ್ ಹಚ್ಚುವುದು, ಬ್ಯಾಟರಿ ಮುಚ್ಚಳ ತೆಗೆದು ನೀರಿನ ಮಟ್ಟ ನೋಡುವುದು ಇವೆಲ್ಲ ಕಾಲೇಜಿನ ಲ್ಯಾಬಿನಲ್ಲಿ ಬರುವ ಕೆಲಸ ಅಲ್ವಲ್ಲ. ಪ್ರತಿ ವರ್ಷ ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ, ನಾವು ಮೂರ್ನಾಲ್ಕು ಮಂದಿ ಜಾಂಬೋಟಿ ಆಚೆಯ ಆ ವಸ್ತಿಗೆ ಬ್ಯಾಟರಿ ನೋಡಿ ಬರಲು ಹೋಗುತ್ತೇವೆ. ಈ ಸಲ ನೀವೂ ಬನ್ನಿ, ಅಪ್ಪನನ್ನೂ ಕರೆದುಕೊಂಡು ಬನ್ನಿ. ಬೆಳಿಗ್ಗೆ ಆರಕ್ಕೆ ಬೆಳಗಾವಿ ಬಿಡುತ್ತೇವೆ. ಬುತ್ತಿ ನಮ್ಮದು. ನೀವು ಒಂದು ಮಲ್ಟಿಮೀಟರ್, ಎರಡು ಕ್ಯಾನ್ ಡಿಸ್ಟಿಲ್ಡ್ ವಾಟರ್ ತನ್ನಿ.